ತೆರಿಗೆಯ ವಿರೋಧ ಮತ್ತು ಅಚೌರ್ಯ ವ್ರತ

ಗೃಹಸ್ಥನಾದ ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವೂ ಒಂದು. ಕೊಡದಿರುವ ಪರವಸ್ತುವನ್ನು ತೆಗೆದುಕೊಳ್ಳದಿರುವುದು ಅದರ ಸ್ಥೂಲಾರ್ಥ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ತೂಕ ಅಳತೆಗಳ ಮೋಸ, ಕಲಬೆರಕೆ ಮುಂತಾದವುಗಳೊಂದಿಗೆ ವಿರುದ್ಧರಾಜ್ಯಾತಿಕ್ರಮವೂ ಸೇರಿದೆ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯಾಪಾರ ಮಾಡುವುದೂ ವ್ರತಕ್ಕೆ ಕಳಂಕವೆಂಬುದು ಅದರ ತಾತ್ಪರ್ಯ. ಹಾಗಾದರೆ ಅನ್ಯಾಯವೆಂದು ತೋರಿದ ತೆರಿಗೆಯನ್ನು ವ್ಯಾಪಾರಿಯು ವಿರೋಧಿಸಲೇಬಾರದೆ?

ಈ ಪ್ರಶ್ನೆಯನ್ನು ಮಹಾರಾಷ್ಟ್ರದ ನಗರಗಳಲ್ಲಿ ನಡೆದ ಒಂದು ವಿವಾದದ ಬೆಳಕಿನಲ್ಲಿ ಪರಿಶೀಲಿಸಬಹುದು. ಊರೊಳಗೆ ಬರುವ ಸರಕಿನ ಮೇಲೆ ನಾಕೆಗಳಲ್ಲಿ ವಸೂಲು ಮಾಡುತ್ತಿದ್ದ ಆಕ್ಟ್ರಾಯ್ ಸುಂಕವನ್ನು ಕರ್ನಾಟಕವು 1979ರಲ್ಲಿಯೇ ಕೈಬಿಟ್ಟಿತು. ಮಹಾರಾಷ್ಟ್ರದಲ್ಲಿ ಅದು ಬಹುಕಾಲ ಉಳಿದು, 2010ರಿಂದ ಹಂತಹಂತವಾಗಿ ಅದರ ಸ್ಥಾನಕ್ಕೆ ಎಲ್‌ಬಿಟಿ ಎಂಬ ಸ್ಥಳೀಯ ಸಂಸ್ಥೆ ತೆರಿಗೆ ಬಂದಿತು. ನಾಕೆಯಲ್ಲಿ ಲಾರಿ ನಿಲ್ಲಿಸುವ ಬದಲು, ವ್ಯಾಪಾರಿಯೇ ನೋಂದಾಯಿಸಿಕೊಂಡು, ತನ್ನ ಲೆಕ್ಕಪುಸ್ತಕದ ಆಧಾರದ ಮೇಲೆ ಮಹಾನಗರಪಾಲಿಕೆಗೆ ತೆರಿಗೆ ಕಟ್ಟುವ ಕ್ರಮವಿದು. 2013ರ ಏಪ್ರಿಲ್‌ನಲ್ಲಿ ಪುಣೆ, ಠಾಣೆ, ನಾಗಪುರ ಮೊದಲಾದ ನಗರಗಳಲ್ಲಿ ಇದು ಜಾರಿಗೆ ಬಂದು, ಮುಂಬಯಿಗೂ ವಿಸ್ತರಿಸುವ ಪ್ರಸ್ತಾಪವಾದಾಗ ವರ್ತಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು.

ವರ್ತಕರ ಅಳಲು ನಿರಾಧಾರವಾಗಿರಲಿಲ್ಲ. ವ್ಯಾಟ್‌ಗೆ ಒಂದು ಲೆಕ್ಕ, ಪಾಲಿಕೆಗೆ ಮತ್ತೊಂದು ಲೆಕ್ಕ ಇಡಬೇಕಾಗಿತ್ತು. ಅಧಿಕಾರಿಯು ಅಂಗಡಿಗೆ ಬಂದು ದಫ್ತರ ಶೋಧಿಸುವ ಅಧಿಕಾರವು ಲಂಚಕ್ಕೆ ದಾರಿಯಾದೀತೆಂಬ ಭಯ ಸಣ್ಣ ವ್ಯಾಪಾರಿಯನ್ನು ಕಾಡಿತು. ತೆರಿಗೆಯನ್ನು ವ್ಯಾಟ್‌ನೊಂದಿಗೇ ಸೇರಿಸಿ ವಸೂಲು ಮಾಡಿರೆಂಬುದು ಅವರ ಬೇಡಿಕೆ. ಇನ್ನೊಂದು ನಯದಿಂದ ನೋಡಿದರೆ ಪಾಲಿಕೆಯ ಮಾತಿಗೂ ತೂಕವಿದೆ. ನೀರು, ಚರಂಡಿ, ರಸ್ತೆ, ದೀಪಗಳಿಗೆ ಹಣ ಬೇಕು. ಸ್ವಂತ ವರಮಾನವಿಲ್ಲದ ನಗರವು ಪ್ರತಿಯೊಂದಕ್ಕೂ ರಾಜ್ಯ ಸರಕಾರದ ಮುಂದೆ ಕೈಯೊಡ್ಡಬೇಕಾಗುತ್ತದೆ. ಒಂದೇ ನಯವನ್ನು ಹಿಡಿದು ಉಳಿದುದನ್ನು ಅಲ್ಲಗಳೆಯುವುದು ಏಕಾಂತವಾಗುತ್ತದೆ.

ಇಲ್ಲಿ ವಿರೋಧಕ್ಕೂ ವಂಚನೆಗೂ ಇರುವ ಅಂತರವನ್ನು ಗುರುತಿಸಬೇಕು. ವಿರೋಧಿಸುವವನು ತನ್ನ ಹೆಸರು ಹೇಳಿ, ಕಾರಣ ಕೊಟ್ಟು, ಹಗಲಿನಲ್ಲಿ ನಿಂತು ನಿಯಮ ಬದಲಾಗಲೆಂದು ಕೇಳುತ್ತಾನೆ. ವಂಚಿಸುವವನು ನಿಯಮವನ್ನು ಬಾಯಲ್ಲಿ ಒಪ್ಪಿ, ಚೀಟಿಯಿಲ್ಲದೆ ಸರಕು ಮಾರುತ್ತಾನೆ. ಮೊದಲನೆಯವನು ಸತ್ಯವನ್ನು ಬಿಟ್ಟಿಲ್ಲ. ಎರಡನೆಯವನು ಅಚೌರ್ಯದೊಂದಿಗೆ ಸತ್ಯಾಣುವ್ರತವನ್ನೂ ಕೆಡಿಸಿಕೊಳ್ಳುತ್ತಾನೆ. ತೆರಿಗೆ ಕಟ್ಟಿ ಮಾರುವ ಪಕ್ಕದ ಅಂಗಡಿಯವನ ಗಿರಾಕಿಯನ್ನೂ ಕಸಿಯುತ್ತಾನೆ. ಆದುದರಿಂದ ಬಹಿರಂಗ ವಿರೋಧವು ಅತಿಚಾರವಲ್ಲ.

ಆದರೂ ವಿರೋಧದ ವಿಧಾನವನ್ನು ವಿಚಾರಿಸಲೇಬೇಕು. ಸಗಟು ಪೇಟೆ ಮುಚ್ಚಿದಾಗ ಗೋದಾಮುಳ್ಳ ವರ್ತಕನಿಗೆ ಆಗುವುದು ಲಾಭದ ವಿಳಂಬ. ಮೂಟೆ ಹೊರುವ ಹಮಾಲನಿಗೆ ಆಗುವುದು ಅಂದಿನ ಕೂಲಿಯ ನಾಶ. ತೆರಿಗೆಯ ನಿರ್ಣಯದಲ್ಲಿ ಅವನ ಪಾತ್ರವಿಲ್ಲ, ಅದು ರದ್ದಾದರೆ ದೊರೆಯುವ ಫಲದಲ್ಲಿಯೂ ಅವನಿಗೆ ಪಾಲು ಸಿಗುವ ಭರವಸೆಯಿಲ್ಲ. ಪ್ರಾಣಿಹಿಂಸೆಗೆ ಅಂಜುವ ಮನಸ್ಸು ಈ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಂದ್ ಅನಿವಾರ್ಯವೆಂದು ನಿಶ್ಚಯಿಸಿದ ಸಂಘವು ಆ ದಿನಗಳ ಕೂಲಿಯನ್ನು ತಾನೇ ಕೊಡುವುದು ನ್ಯಾಯ. ಹಾಗೆ ಕೊಡಲು ಸಿದ್ಧವಿಲ್ಲದಿದ್ದರೆ, ತನ್ನ ಹೋರಾಟದ ವೆಚ್ಚವನ್ನು ಪರರಿಂದ, ಅವರು ಕೊಡದೆಯೇ, ತೆಗೆದುಕೊಂಡಂತಾಗುತ್ತದೆ.

ಕಡೆಗೆ 2015ರ ಆಗಸ್ಟ್ 1ರಿಂದ ಮಹಾರಾಷ್ಟ್ರ ಸರಕಾರವು 50 ಕೋಟಿ ರೂಪಾಯಿಗಿಂತ ಕಡಿಮೆ ವಹಿವಾಟಿನ ವರ್ತಕರನ್ನು ಎಲ್‌ಬಿಟಿಯಿಂದ ಮುಕ್ತಗೊಳಿಸಿತು. ಮುಂಬಯಿಯಲ್ಲಿ ಅದು ಜಾರಿಗೆ ಬರಲೇ ಇಲ್ಲ. ಅಲ್ಲಿನ ಆಕ್ಟ್ರಾಯ್ 2017ರಲ್ಲಿ ಜಿಎಸ್‌ಟಿ ಬಂದಾಗ ಕೊನೆಗೊಂಡಿತು. ಆದರೆ ನಗರಗಳ ಖರ್ಚು ರದ್ದಾಗಲಿಲ್ಲ. ಪಾಲಿಕೆಗಳ ನಷ್ಟವನ್ನು ರಾಜ್ಯದ ಬೊಕ್ಕಸದಿಂದ ತುಂಬಿಕೊಡಬೇಕಾಯಿತು. ಅದಕ್ಕಾಗಿ 2017ರಲ್ಲಿ ಕಾಯಿದೆಯೂ ಆಯಿತು. ಒಬ್ಬರ ಹೆಗಲಿನಿಂದ ಇಳಿದ ಹೊರೆ ಎಲ್ಲರ ಹೆಗಲಿಗೆ ಹಂಚಿಹೋಯಿತು. ಆ ಹಂಚಿಕೆ ನ್ಯಾಯವೇ ಇದ್ದೀತು. ಆದರೆ ತೆರಿಗೆ ಬೇಡವೆನ್ನುವವನು ಹೊರೆ ಯಾರಿಗೆ ಹೋಗುವುದೆಂಬುದನ್ನೂ ಹೇಳುವ ಋಣಕ್ಕೆ ಒಳಗಾಗಿದ್ದಾನೆ.

ಆದಕಾರಣ ತೆರಿಗೆಯನ್ನು ವಿರೋಧಿಸುವ ಶ್ರಾವಕನು ಮೊದಲು ತನ್ನ ಲೆಕ್ಕಪುಸ್ತಕವನ್ನು ಯಾರು ಬಂದರೂ ತೆರೆದು ತೋರಿಸುವಂತೆ ಇಟ್ಟುಕೊಳ್ಳಲಿ. ಅಧಿಕಾರಿಯ ಶೋಧನೆ ಬೇಡವೆಂಬ ಅವನ ಮಾತಿಗೆ ಆಗ ಬಲ ಬರುತ್ತದೆ. ಕಾಯಿದೆ ಬದಲಾಗುವವರೆಗೂ ಸಲ್ಲಬೇಕಾದುದನ್ನು ಸಲ್ಲಿಸುತ್ತಿರಲಿ. ಬದಲಾಗಬೇಕೆಂದು ನಿರ್ಭಯವಾಗಿ ಕೇಳುತ್ತಲೂ ಇರಲಿ. ಈ ಎರಡನ್ನೂ ಒಟ್ಟಿಗೆ ನಡೆಸುವುದು ಕಷ್ಟವಾದರೂ, ವ್ರತವು ಗೃಹಸ್ಥನಿಂದ ಕೇಳುವುದು ಇದನ್ನೇ.