ಊರಿನವರೆಂದರೆ ಯಾರು?

ಒಂದು ಊರಿನಲ್ಲಿ ಬದುಕುವ ಜನರನ್ನು ಹೆಸರಿಸಲು ಕನ್ನಡದಲ್ಲಿ ಹಲವು ಪದಗಳಿವೆ: ಊರಿನವರು, ಒಕ್ಕಲು, ನಿವಾಸಿ, ಪ್ರಜೆ, ನಾಗರಿಕ, ಮತದಾರ, ವಲಸಿಗ. ಇವೆಲ್ಲ ಒಂದೇ ಜನಸಮೂಹವನ್ನು ಸೂಚಿಸುವಂತೆ ಕಂಡರೂ ಇವುಗಳ ಅಳತೆಗೋಲು ಒಂದೇ ಅಲ್ಲ. ಕೆಲವು ಪದಗಳು ಹುಟ್ಟನ್ನು, ಕೆಲವು ವಾಸವನ್ನು, ಮತ್ತೆ ಕೆಲವು ಹಕ್ಕನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಯಾರು ಊರಿನವರು ಎಂಬ ಪ್ರಶ್ನೆಯನ್ನು ತೀರ್ಮಾನಿಸಬೇಕಾದರೆ ಈ ಮೂರು ಅಳತೆಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಮೊದಲನೆಯದು ಹುಟ್ಟು ಅಥವಾ ಮೂಲ. ‘ನಿಮ್ಮದು ಯಾವೂರು?’ ಎಂದು ಕೇಳಿದರೆ ಬೆಂಗಳೂರಿನಲ್ಲೇ ಆಯಸ್ಸು ಕಳೆದವರೂ ಅಜ್ಜನ ಹಳ್ಳಿಯ ಹೆಸರು ಹೇಳುವುದುಂಟು. ಮೂಲದ ಊರು ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಾಗಿ, ಹಳೆ ಮೈಸೂರಿನ ಕಡೆ ಇನಿಷಿಯಲ್ ಆಗಿ ಹೆಸರಿಗೆ ಅಂಟಿಕೊಳ್ಳುತ್ತದೆ. ಗಂಗೂಬಾಯಿ ಹಾನಗಲ್ 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಹೆಸರಿನಲ್ಲಿ ಉಳಿದದ್ದು ಹಾನಗಲ್ಲು. ಹೀಗೆ ಮೂಲವನ್ನು ನೆನಪಿಟ್ಟುಕೊಳ್ಳುವುದು ಸಹಜ, ಒಳ್ಳೆಯದೂ ಹೌದು. ಆದರೆ ಮೂಲವೇ ಹಕ್ಕಿನ ಅಳತೆಯಾದಾಗ ಅನ್ಯಾಯ ಶುರುವಾಗುತ್ತದೆ.

ಪ್ರಾಚೀನ ಅಥೆನ್ಸ್ ಇದಕ್ಕೆ ಸ್ಪಷ್ಟ ಉದಾಹರಣೆ. ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ತಂದ ಕಾನೂನಿನಂತೆ ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಪೌರತ್ವ. ಬೇರೆಡೆಯಿಂದ ಬಂದು ನೆಲೆಸಿದವರಿಗೆ ‘ಮೆಟೊಯ್ಕೊಸ್’ ಎಂಬ ಪ್ರತ್ಯೇಕ ಹೆಸರಿತ್ತು. ಅವರು ತಲೆಗಂದಾಯ ಕಟ್ಟಬೇಕಿತ್ತು, ಯುದ್ಧ ಬಂದರೆ ಸೈನ್ಯಕ್ಕೆ ಸೇರಬೇಕಿತ್ತು; ಆದರೆ ಜನಸಭೆಯಲ್ಲಿ ಮತ ಹಾಕುವಂತಿರಲಿಲ್ಲ, ವಿಶೇಷ ಅನುಮತಿಯಿಲ್ಲದೆ ಭೂಮಿ ಹೊಂದುವಂತಿರಲಿಲ್ಲ. ಸ್ಟಾಗಿರಾದಿಂದ ಬಂದ ಅರಿಸ್ಟಾಟಲ್ ಕೂಡ ಅಂಥವರಲ್ಲೊಬ್ಬ. ಒಂದು ಸ್ಥಳದಲ್ಲಿ ವಾಸಿಸಿದ ಮಾತ್ರಕ್ಕೆ ಯಾರೂ ಪೌರರಾಗುವುದಿಲ್ಲ, ನ್ಯಾಯತೀರ್ಮಾನದಲ್ಲೂ ಅಧಿಕಾರದಲ್ಲೂ ಪಾಲುಳ್ಳವನೇ ಪೌರ ಎಂದು ‘ಪಾಲಿಟಿಕ್ಸ್’ ಗ್ರಂಥದಲ್ಲಿ ವಾದಿಸಿದವನೂ ಅವನೇ. ಪೌರತ್ವವೆಂದರೆ ಪಾಲ್ಗೊಳ್ಳುವಿಕೆ ಎಂಬುದು ಸರಿಯಾದ ಮಾತು. ಆದರೆ ಆ ಪಾಲನ್ನು ಹುಟ್ಟಿಗೆ ಕಟ್ಟಿಹಾಕಿದ್ದರಿಂದ, ಊರಿನ ಭಾರ ಹೊತ್ತವರೇ ಊರಿನ ತೀರ್ಮಾನಗಳಿಂದ ಹೊರಗುಳಿದರು.

ಎರಡನೆಯ ಅಳತೆ ವಾಸ. ಭಾರತದ ಸಂವಿಧಾನದ 19ನೇ ವಿಧಿ ದೇಶದ ಯಾವುದೇ ಭಾಗದಲ್ಲಿ ವಾಸಿಸುವ ಮತ್ತು ನೆಲೆಸುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿದೆ. 1950ರ ಜನಪ್ರತಿನಿಧಿ ಕಾಯ್ದೆಯಂತೆ ಮತದಾರರ ಪಟ್ಟಿಗೆ ಸೇರಲು ಆ ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾಗಿರಬೇಕು, ಅಲ್ಲಿ ಹುಟ್ಟಿರಬೇಕೆಂದಿಲ್ಲ. ಕೇವಲ ಸ್ವಂತ ಮನೆಯಿದೆ ಎಂಬ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯಾಗುವುದಿಲ್ಲ, ತಾತ್ಕಾಲಿಕವಾಗಿ ಹೊರಗೆ ಹೋದ ಮಾತ್ರಕ್ಕೆ ಆ ಸ್ಥಾನ ತಪ್ಪುವುದೂ ಇಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಇಲ್ಲಿ ವಂಶಕ್ಕೂ ಆಸ್ತಿಗೂ ಮಿಗಿಲಾದದ್ದು ನಿಜವಾದ ಬದುಕು.

ಮೂರನೆಯದು ಹಕ್ಕು. ‘ಪ್ರಜೆ’ ಎಂಬ ಸಂಸ್ಕೃತ ಪದಕ್ಕೆ ಸಂತಾನ ಎಂಬ ಅರ್ಥವಿದೆ. ಅರಸರ ಕಾಲದಲ್ಲಿ ಅದು ಆಳಿಸಿಕೊಳ್ಳುವವರ ಹೆಸರಾಯಿತು. ‘ನಾಗರಿಕ’ ಮೂಲತಃ ನಗರದವನು. ನಯನಾಜೂಕು ಅವನ ಪಾಲಿಗೆ ಬಂದರೆ, ಗ್ರಾಮದಿಂದ ಬಂದ ‘ಗ್ರಾಮ್ಯ’ ಪದಕ್ಕೆ ಒರಟುತನ ಅಂಟಿತು. ಪ್ರಜಾಪ್ರಭುತ್ವ ಈ ಎರಡೂ ಪದಗಳನ್ನು ತಿದ್ದಿದೆ. ಇಂದು ಪ್ರಜೆಯೇ ಪ್ರಭು. ಹಳ್ಳಿಯ ರೈತನೂ ಸಂಪೂರ್ಣ ನಾಗರಿಕ.

ವಾಸವನ್ನೇ ಅಳತೆಯಾಗಿ ಒಪ್ಪಿದರೆ ಸ್ಥಳೀಯರ ಗತಿಯೇನು ಎಂಬ ಆಕ್ಷೇಪ ಹಗುರವಾದುದಲ್ಲ. ಹಿಂದುಳಿದ ಪ್ರದೇಶದಲ್ಲಿ ಉದ್ಯೋಗಗಳೆಲ್ಲ ಹೊರಗಿನವರ ಪಾಲಾದರೆ ಅಲ್ಲಿಯವರು ತಮ್ಮ ನೆಲದಲ್ಲೇ ಪರಕೀಯರಾಗುತ್ತಾರೆ. ಕಲಬುರಗಿ, ರಾಯಚೂರು, ಬೀದರ್ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದೇ ಕಾರಣಕ್ಕೆ ‘ಮುಲ್ಕಿ’ ನಿಯಮಗಳು ಬಂದವು. ಆದರೆ ಅಲ್ಲಿ ಹುಟ್ಟಿದವರಷ್ಟೇ ಮುಲ್ಕಿಗಳಾಗಿರಲಿಲ್ಲ. 15 ವರ್ಷ ನೆಲೆಸಿ, ಹಿಂದಿನ ಊರಿಗೆ ಮರಳುವುದಿಲ್ಲವೆಂದು ಒಪ್ಪಿಕೊಂಡವರಿಗೂ ಆ ಸ್ಥಾನ ಸಿಗುತ್ತಿತ್ತು. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಕೂಡ ಹೈದರಾಬಾದ್ ಕರ್ನಾಟಕದ ಮೀಸಲಾತಿಗೆ ಜನನ ಅಥವಾ ಕಾಯಂ ವಾಸ, ಎರಡರಲ್ಲಿ ಯಾವುದಾದರೂ ಸಾಕೆನ್ನುತ್ತದೆ. ಸ್ಥಳೀಯರ ರಕ್ಷಣೆಗೂ ಹೊಸಬರ ಸ್ವೀಕಾರಕ್ಕೂ ವಿರೋಧ ಇರಬೇಕಾಗಿಲ್ಲ ಎಂಬುದಕ್ಕೆ ಇವೇ ಸಾಕ್ಷಿ. ಕಾಲ ಕಳೆದಂತೆ ಹೊರಗಿನವರು ಒಳಗಿನವರಾಗಲು ಬಾಗಿಲಿರುವ ವ್ಯವಸ್ಥೆ ನ್ಯಾಯವಾದುದು. ಆ ಬಾಗಿಲನ್ನು ಶಾಶ್ವತವಾಗಿ ಮುಚ್ಚಿದ್ದು ಅನ್ಯಾಯದ್ದು.

ಈ ಯಾವ ಅಳತೆಗೂ ಸರಿಯಾಗಿ ಸಿಗದವರು ಗುಳೆ ಹೋಗುವವರು. ಯಾದಗಿರಿ ಕಡೆಯ ಕುಟುಂಬವೊಂದು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಬಂದು, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಲೆ ಹೂಡುತ್ತದೆ. ಅವರ ಓಟು ಊರಿನಲ್ಲಿ, ದುಡಿಮೆ ಇಲ್ಲಿ. ಊರಿಗೆ ಅವರು ಗುಳೆ ಹೋದವರು, ನಗರಕ್ಕೆ ಬರೀ ‘ಲೇಬರ್’. ವಾರ್ಡಿನ ನೀರು, ಶಾಲೆ, ಆಸ್ಪತ್ರೆಗಳ ಮಾತು ಬಂದಾಗ ಅವರನ್ನು ನಿವಾಸಿಗಳೆಂದು ಎಣಿಸುವವರು ಕಡಿಮೆ.

ಕನ್ನಡದ ಹಳೆಯ ಪದ ‘ಒಕ್ಕಲು’ ಇಲ್ಲಿ ದಾರಿ ತೋರಿಸಬಲ್ಲದು. ಭೂಮಾಲೀಕರ ಅಧೀನದಲ್ಲಿದ್ದ ಗೇಣಿದಾರರನ್ನೂ ಅದು ಸೂಚಿಸುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೂ ಹೊಸ ಮನೆಗೆ ಹೋಗುವುದು ಮನೆ ಒಕ್ಕಲು, ಬೇಸಾಯ ಒಕ್ಕಲುತನ, ನೆಲೆ ಕಿತ್ತುಹಾಕುವುದು ಒಕ್ಕಲೆಬ್ಬಿಸುವುದು. ಈ ಪದಕುಟುಂಬದಲ್ಲಿ ವಾಸವೂ ದುಡಿಮೆಯೂ ಜೊತೆಯಾಗಿವೆ; ಹುಟ್ಟಿದ್ದೆಲ್ಲಿ ಎಂಬ ವಿಚಾರಣೆ ಇಲ್ಲ.

ಒಂದು ಊರಿನಲ್ಲಿ ಬದುಕಿ, ಅದರ ಕೆಲಸದಲ್ಲಿ ಪಾಲುಗೊಂಡು, ಅದರ ಕಷ್ಟಸುಖಕ್ಕೆ ಒಡ್ಡಿಕೊಂಡವರೇ ಊರಿನವರು. ಮತದಾರರ ಪಟ್ಟಿಯೂ ವಾಸಸ್ಥಳ ದೃಢೀಕರಣ ಪತ್ರವೂ ವಾರ್ಡ್ ಸಭೆಯೂ ಈ ತತ್ವವನ್ನು ಒಪ್ಪಿ ನಡೆಯಬೇಕು. ನೆರೆಹೊರೆಯವರ ಮಾತಿನಲ್ಲೂ ಅದು ಕಾಣಬೇಕು.