ನೀರು ಕವಲೊಡೆಯುವ ಏಣು

ಮಲೆನಾಡಿನ ಹೆಂಚಿನ ಮನೆಯ ಮೇಲೆ ಮಳೆ ಬಿದ್ದಾಗ ಮಾಡಿನ ನೆತ್ತಿಯಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ. ಅರ್ಧ ಅಂಗಳಕ್ಕೆ, ಅರ್ಧ ಹಿತ್ತಿಲಿಗೆ. ಪಶ್ಚಿಮ ಘಟ್ಟದ ಏಣು ಇರುವುದೂ ಹಾಗೆಯೇ. ಕುದುರೆಮುಖದ ನೆತ್ತಿಯ ಮೇಲೆ ಬಿದ್ದ ಹನಿ ಪಡುವಣಕ್ಕೆ ಜಾರಿತೋ, ಬೆಳ್ತಂಗಡಿ ಸೀಮೆಯ ಹಳ್ಳಗಳಿಗಿಳಿದು ನೇತ್ರಾವತಿಯ ಪಾಲಾಗುತ್ತದೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯ ಜೊತೆಗೂಡಿ, ತುಂಬೆಯಲ್ಲಿ ಮಂಗಳೂರಿನ ಕೊಡಗಳಿಗೆ ಒಂದಷ್ಟು ಕೊಟ್ಟು, ಅಲ್ಲೇ ಹತ್ತಿರದ ಅರಬ್ಬಿ ಸಮುದ್ರ ಸೇರುತ್ತದೆ. ಅದರ ಪಕ್ಕದಲ್ಲೇ ಗೇಣಂತರದಲ್ಲಿ ಬಿದ್ದ ಇನ್ನೊಂದು ಹನಿ ಮೂಡಣಕ್ಕೆ ಹೊರಳಿದರೆ ಅದರ ದಾರಿಯೇ ಬೇರೆ. ಭದ್ರೆಯಾಗಿ ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿಕೊಂಡು, ಹೊಸಪೇಟೆಯ ಜಲಾಶಯ ದಾಟಿ, ಕೃಷ್ಣೆಯೊಳಗೆ ಬೆರೆತು ಕೊನೆಗೆ ಬಂಗಾಳ ಕೊಲ್ಲಿ ಮುಟ್ಟಬೇಕು. ದಾವಣಗೆರೆಯ ಭತ್ತಕ್ಕೂ ರಾಯಚೂರಿನ ಭತ್ತಕ್ಕೂ ಆ ಹನಿಯ ಋಣವಿದೆ.

ಇದನ್ನು ನಕ್ಷೆಯಲ್ಲಿ ನೋಡುವುದು ಬೇರೆ, ಆ ಗೆರೆಯ ಮೇಲೆ ಕಾಲಿಟ್ಟು ನಡೆಯುವುದು ಬೇರೆ. ಏಣಿನ ಮೇಲೆ ನಿಂತವರ ಎಡಗಾಲು ಒಂದು ಕಡಲಿನ ಕಡೆಗೂ ಬಲಗಾಲು ಇನ್ನೊಂದು ಕಡಲಿನ ಕಡೆಗೂ ಇರುತ್ತದೆ. ಹೆಜ್ಜೆ ತಾನಾಗಿಯೇ ನಿಧಾನವಾಗುತ್ತದೆ.

ಕುದುರೆಮುಖದ ಶಿಖರಕ್ಕೆ ಹೋಗುವವರು ಕಳಸದ ಕಡೆಯಿಂದ ಸಂಸೆಗೆ ಬಂದು, ಜೀಪಿನಲ್ಲಿ ಮುಳ್ಳೋಡಿ ಮುಟ್ಟಿ, ಅಲ್ಲಿಂದ ಸುಮಾರು 10 ಕಿ.ಮೀ. ನಡೆಯಬೇಕು. ಅರಣ್ಯ ಇಲಾಖೆಯ ಅನುಮತಿ ಬೇಕು, ಊರಿನ ಮಾರ್ಗದರ್ಶಿ ಜೊತೆಗಿರಬೇಕು, ಕತ್ತಲಾಗುವ ಮೊದಲು ಕೆಳಗಿಳಿದಿರಬೇಕು. ಮೇಲೆ ರಾತ್ರಿ ತಂಗುವಂತಿಲ್ಲ. ಡಿಸೆಂಬರಿನಲ್ಲಿ ಬೆಳಗಾಗುತ್ತಲೇ ಹೊರಟರೆ ಮೊದಲು ಸಿಗುವುದು ಕಾಡು, ಹಳ್ಳ, ಮತ್ತೆ ಕಾಡು. ಹಳ್ಳದ ಬದಿಯಲ್ಲಿ ಸಿಳ್ಳಾರ ಹಕ್ಕಿ ಹಾಡುತ್ತಿರುತ್ತದೆ. ಯಾರೋ ಹುಡುಗ ರಾಗ ಮರೆತು ಮರೆತು ಸಿಳ್ಳೆ ಹಾಕುತ್ತಿದ್ದಾನೆ ಅನ್ನಿಸುವಷ್ಟು ಅದರ ದನಿ ಮನುಷ್ಯರದ್ದು. ಅಂಥದ್ದೊಂದು ಹಳ್ಳ ದಾಟುವಾಗ ನಮ್ಮ ಜೊತೆಗಿದ್ದ ಮುಳ್ಳೋಡಿಯ ಹುಡುಗ ನಿಂತು ಹೇಳಿದ: "ಸಾರ್, ಬಾಟ್ಲಿ ಇಲ್ಲೇ ತುಂಬಿಸ್ಕೊಳ್ಳಿ. ಏಣು ಹತ್ತಿದ್ಮೇಲೆ ಬಹಳ ದೂರ ನೀರು ಸಿಗಲ್ಲ."

ಅಷ್ಟು ಊರುಗಳಿಗೆ ನೀರು ಕೊಡುವ ಬೆಟ್ಟದ ಮೇಲೆ ನಡೆಯುವವನ ಬಾಟಲಿಗೆ ನೀರಿಲ್ಲ. ಆ ಮಾತು ನನ್ನ ಜೊತೆಗೇ ಹತ್ತುತ್ತಾ ಬಂತು.

ಒಂಟಿ ಮರ ಎಂದು ಕರೆಯುವ ಜಾಗ ಕಳೆದ ಮೇಲೆ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿಂದಾಚೆ ಬೆಟ್ಟದ ಮೈತುಂಬ ಹುಲ್ಲು. ಮರಗಳೆಲ್ಲ ಮಡಿಕೆಗಳೊಳಗೆ, ಎರಡು ಗುಡ್ಡ ಕೂಡುವ ಸಂದಿಗಳಲ್ಲಿ ಒತ್ತಾಗಿ ನಿಂತಿರುತ್ತವೆ. ಇವನ್ನೇ ಶೋಲಾ ಕಾಡು ಎನ್ನುವುದು. ಹುಲ್ಲು ಮುಗಿದು ಕಾಡು ಶುರುವಾಗುವ ಗೆರೆ ಎಷ್ಟು ಸ್ಪಷ್ಟವೆಂದರೆ ಯಾರೋ ಅಳೆದು ಬೇಲಿ ಹಾಕಿದ ಹಾಗೆ ಕಾಣುತ್ತದೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಏಣಿನಲ್ಲಿ ಹುಲ್ಲು; ಗಾಳಿಗೆ ಮರೆಯಾದ, ಮಣ್ಣು ಆಳವಾಗಿರುವ, ತೇವ ನಿಲ್ಲುವ ಮಡಿಕೆಯಲ್ಲಿ ಮರ. ಗಾಳಿಗೆ, ಬೆಂಕಿಗೆ, ಚಳಿಗೆ ಮರದ ಸಸಿ ಹುಲ್ಲಿನಷ್ಟು ತಾಳಲಾರದು. ಹಾಗಾಗಿ ಎರಡೂ ಒಂದರ ಎಲ್ಲೆಯನ್ನು ಇನ್ನೊಂದು ಹೆಚ್ಚು ದಾಟದೆ ಬಾಳುತ್ತವೆ.

ಇಂಥ ಹುಲ್ಲಿನ ಬೆಟ್ಟ ಕಂಡಾಗ ನಮ್ಮಲ್ಲಿ ಅನೇಕರಿಗೆ ಬರುವ ಮೊದಲ ಯೋಚನೆ, ಇಲ್ಲಿ ಹಿಂದೆ ಕಾಡಿದ್ದಿರಬೇಕು, ಯಾರೋ ಕಡಿದಿದ್ದಾರೆ ಎಂದು. ಬ್ರಿಟಿಷರ ಕಾಲದಿಂದಲೂ ಈ ಯೋಚನೆ ಇದೆ. ಹುಲ್ಲುಗಾವಲನ್ನು ಪಾಳು ಜಮೀನೆಂದು ಬರೆದುಕೊಂಡು ಅಲ್ಲಿ ಅಕೇಶಿಯ, ನೀಲಗಿರಿ ನೆಟ್ಟು 'ಹಸಿರು' ಮಾಡಿದ ಬೆಟ್ಟಗಳು ಘಟ್ಟದುದ್ದಕ್ಕೂ ಇವೆ. ನೀಲಗಿರಿ ಬೆಟ್ಟಗಳ ಜವುಗು ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿದ ವಿಜ್ಞಾನಿಗಳು ಬೇರೆಯೇ ಕಥೆ ಕಂಡರು: 20,000 ವರ್ಷಗಳಿಗೂ ಹಿಂದೆಯೇ ಅಲ್ಲಿ ಹುಲ್ಲುಗಾವಲಿತ್ತು. ಹವೆ ಒಣಗಿದಾಗ ಹುಲ್ಲು ಹರಡಿತು, ತೇವ ಹೆಚ್ಚಿದಾಗ ಕಾಡು ಹರಡಿತು. ಕಬ್ಬಿಣದ ಕೊಡಲಿ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಹುಲ್ಲು ಅದು.

ಹುಲ್ಲಿನ ಕೆಲಸ ಏನೆಂಬುದು ಕುಕ್ಕರಗಾಲಿನಲ್ಲಿ ಕೂತು ಬುಡ ಬಿಡಿಸಿ ನೋಡಿದರೆ ತಿಳಿಯುತ್ತದೆ. ಬೆಳಗಿನ ಬಿಸಿಲು ಮೂಡಣದ ಇಳಿಜಾರನ್ನು ಆಗಲೇ ಬೆಚ್ಚಗೆ ಮಾಡಿರುತ್ತದೆ. ಆದರೂ ಹುಲ್ಲಿನ ಬುಡದಲ್ಲಿ ಬೆರಳಿಟ್ಟರೆ ತಣ್ಣಗೆ, ಒದ್ದೆ. ಬೇರುಗಳು ಒಂದಕ್ಕೊಂದು ಹೆಣೆದು ಮಣ್ಣನ್ನು ಬಿಗಿಯಾಗಿ ಹಿಡಿದಿವೆ. ಕುದುರೆಮುಖದ ಸುತ್ತ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟು ನೀರು ಬೋಳು ಮಣ್ಣಿನ ಮೇಲೆ ಬಿದ್ದಿದ್ದರೆ ಬೆಟ್ಟವನ್ನೇ ಹೊತ್ತುಕೊಂಡು ಹೋಗುತ್ತಿತ್ತು. ಹುಲ್ಲು ಅದರ ರಭಸ ಮುರಿಯುತ್ತದೆ, ಒಂದಿಷ್ಟನ್ನು ಮಣ್ಣಿನೊಳಕ್ಕೆ ಇಳಿಸುತ್ತದೆ. ಮಡಿಕೆಯ ಕಾಡು ಅದನ್ನು ನೆರಳಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹಳ್ಳಕ್ಕೆ ಬಿಡುತ್ತದೆ. ಬೇಸಿಗೆಯಲ್ಲಿ ಕಳಸದ ಭದ್ರೆಯಲ್ಲಿ ಕಾಣುವ ನೀರು ಹಿಂದಿನ ಆಷಾಢದ ಮಳೆಯೂ ಆಗಿರಬಹುದು. ಹುಡುಗ ಹೇಳಿದ ಮಾತಿನ ಅರ್ಥ ನನಗೆ ಅಲ್ಲಿ ಕೂತಾಗ ಬಿಚ್ಚಿಕೊಂಡಿತು. ಏಣು ತನಗೆಂದು ಏನನ್ನೂ ಕೂಡಿಡದೆ ಇರುವುದರಿಂದಲೇ ಕೆಳಗಿನ ಹಳ್ಳದಲ್ಲಿ ನೀರಿತ್ತು.

ಈ ನಡಿಗೆಯಲ್ಲಿ ಮನಸ್ಸನ್ನು ಕಲಕುವ ಇನ್ನೊಂದು ಸಂಗತಿಯಿದೆ, ಅದನ್ನು ಬಿಟ್ಟು ಕುದುರೆಮುಖದ ಬಗ್ಗೆ ಬರೆಯುವುದು ನ್ಯಾಯವಲ್ಲ. ಇದೇ ಬೆಟ್ಟಸಾಲಿನ ಹೊಟ್ಟೆಯಲ್ಲಿ ಕಬ್ಬಿಣದ ಅದಿರಿದೆ. ಅದನ್ನು ತೆಗೆಯಲು 1976ರಲ್ಲಿ ಕಂಪನಿ ಬಂತು, ಊರು ಕಟ್ಟಿತು, ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿತು. ಅರೆದ ಅದಿರು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಹೋಗುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬುತ್ತಿತ್ತು. ಈ ನಡುವೆ, 1983-84ರಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ನಡೆಸಿದ್ದರ ಫಲವಾಗಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಮಳೆಗಾಲದಲ್ಲಿ ಭದ್ರೆ ಹೊತ್ತೊಯ್ಯುತ್ತಿದ್ದ ಹೂಳಿನ ಬಗ್ಗೆ ದನಿಯೆತ್ತಿದವರ ಹೋರಾಟ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2002ರ ತೀರ್ಪಿನ ಬಳಿಕ 2005ರ ಕೊನೆಗೆ ಗಣಿ ನಿಂತಿತು. ಗಣಿಯಿಂದ ಅನ್ನ ಉಂಡ ಸಂಸಾರಗಳ ಕಷ್ಟವನ್ನು ನಾನು ಹಗುರವಾಗಿ ನೋಡಲಾರೆ. ಆದರೂ ಆ ತೀರ್ಪು ಸರಿಯಾಗಿತ್ತೆಂದೇ ನನ್ನ ನಂಬಿಕೆ. ಕಬ್ಬಿಣ ಬೇರೆ ಕಡೆಯೂ ಸಿಗುತ್ತದೆ. ನೀರು ಕವಲೊಡೆಯುವ ಏಣನ್ನು ಇನ್ನೊಂದು ಕಡೆ ಕಟ್ಟಲಾಗದು.

ಈಗ ಬೆಟ್ಟಕ್ಕೆ ಬರುವವರು ನಾವು, ನಡೆಯುವವರು. 2024ರ ಜನವರಿಯಲ್ಲಿ ಇದೇ ಘಟ್ಟಸಾಲಿನ ಕುಮಾರ ಪರ್ವತದ ಕಾಲುದಾರಿಯಲ್ಲಿ ಜನ ಜಾತ್ರೆಯಂತೆ ಸಾಲುಗಟ್ಟಿ ನಿಂತ ಚಿತ್ರಗಳನ್ನು ನಾಡೆಲ್ಲ ನೋಡಿತು. ಆಮೇಲೆ ಸರ್ಕಾರ ಮುಂಚಿತ ನೋಂದಣಿ, ಸಂಖ್ಯೆಯ ಮಿತಿ ತಂದದ್ದು ಒಳ್ಳೆಯದೇ ಆಯಿತು. ಹುಲ್ಲುಗಾವಲಿನಲ್ಲಿ ದಾರಿ ಎಂದರೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ. ಮಾತಾಡುತ್ತಾ ಪಕ್ಕಪಕ್ಕದಲ್ಲಿ ನಡೆದರೆ ಹುಲ್ಲು ಸವೆದು ಮಣ್ಣು ಬಯಲಾಗುತ್ತದೆ, ಮುಂದಿನ ಮಳೆಗೆ ಆ ಸವಕಲು ಕೊರಕಲಾಗುತ್ತದೆ. ಹಾಗಾಗಿ ಏಣಿನ ಮೇಲೆ ಸಾಲಾಗಿಯೇ ನಡೆಯಬೇಕು. ಸಾಲಾಗಿ ನಡೆಯುವಾಗ ಮಾತು ತಾನೇ ನಿಲ್ಲುತ್ತದೆ. ಮುಂದಿನವರ ಬೆನ್ನು, ತನ್ನ ಉಸಿರು, ಕಾಲ ಬಳಿ ಇಬ್ಬನಿ ತಾಗಿದ ಜೇಡರ ಬಲೆ ಇಷ್ಟೇ ಉಳಿಯುತ್ತವೆ. ಆ ಮೌನದಲ್ಲಿ ದೂರದ ಇಳಿಜಾರಿನ ಕಡವೆ ಕಿವಿ ಎತ್ತಿದ್ದೂ ಕಂಡಿತು. ಮನೆಯಲ್ಲಿ ಬೆಳಗ್ಗೆ ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ನನಗೆ ಅಂಥ ನೆಮ್ಮದಿಯ ಎಚ್ಚರ ದಕ್ಕಿಲ್ಲ.

ಶಿಖರ 1,894 ಮೀಟರ್. ಅದರ ಹತ್ತಿರ ಹಳೆಯ ಚರ್ಚೊಂದರ ಮುರುಕು ಗೋಡೆಗಳಿವೆ. ಪಡುವಣದ ಕಡೆ ನೆಲ ಒಮ್ಮೆಲೇ ಕುಸಿದು, ಕೆಳಗೆಲ್ಲೋ ದಟ್ಟ ಕಾಡು, ಅದರಾಚೆ ತೋಟಗಳ ಬಯಲು. ಕಡಲಿನಿಂದ ಬರುವ ದೋಣಿಗಳವರಿಗೆ ಈ ಬೆಟ್ಟ ಕುದುರೆಯ ಮುಖದಂತೆ ಕಂಡು ದಾರಿಗುರುತಾಗಿತ್ತಂತೆ. ಹೊತ್ತೇರಿದಂತೆ ಆ ದಿಕ್ಕಿನಿಂದಲೇ ಮೋಡ ಹತ್ತಿ ಬಂತು. ಏಣು ಮುಟ್ಟಿ, ಒಂದು ಗಳಿಗೆ ಅನುಮಾನಿಸಿದಂತೆ ನಿಂತು, ಮೂಡಣಕ್ಕೆ ಹೊರಳಿತು. ನಮಗೆ ಇಳಿಯುವ ಹೊತ್ತಾಗಿತ್ತು.

ಮುಳ್ಳೋಡಿಯಲ್ಲಿ ಅಂಗಳದಲ್ಲಿ ನಿಂತಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡವರೇ ಕೇಳಿದರು: "ಮೇಲೆ ಮೋಡ ಕಟ್ಟಿತ್ತಾ? ಅಡಿಕೆ ಒಣಗ್ಸಕ್ಕೆ ಹಾಕಿದೀನಿ." ಕಟ್ಟಿತ್ತು, ಈ ಕಡೆಗೇ ಬರ್ತಿತ್ತು ಎಂದೆ. ಅವರು ಒಳಗೆ ಯಾರನ್ನೋ ಕೂಗಿ ಕರೆದರು. ನಾವೂ ಚೀಲ ಕೆಳಗಿಟ್ಟು ಅಡಿಕೆ ಬಳಿಯಲು ಕೈಜೋಡಿಸಿದೆವು.