ಹೊಳಪಿನ ಹಿಂದಿನ ಉಸಿರು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ನಾವು ಯಾವ ಊರಿನ ಮದುವೆಗೆ ಹೋದರೂ ವೇದಿಕೆಯ ಮೇಲೆ ಬಾಗಿದ ಕಾಲುಗಳ, ಬಂಗಾರ ಬಣ್ಣದ ಸೋಫಾ ಕಾಣಸಿಗುವುದು ಅಪರೂಪವಲ್ಲ. ನಿಕಾಹ್ ಇರಲಿ, ಆರತಕ್ಷತೆ ಇರಲಿ, ಮದುಮಕ್ಕಳು ಒಂದು ದಿನದ ಅರಸರಾಗುವುದು ಅದರ ಮೇಲೆಯೇ. ಆ ವಿನ್ಯಾಸದ ಮೂಲ ಹದಿನೆಂಟನೇ ಶತಮಾನದ ಪ್ಯಾರಿಸ್, ಹದಿನೈದನೇ ಲೂಯಿಯ ಕಾಲ.

ಅಂದಿನ ಸಿರಿವಂತರ ಪೀಠೋಪಕರಣಗಳಿಗೆ ಎರಡು ಬಗೆಯ ಮೆರುಗು. ಒಂದು, ಚೀನಾ-ಜಪಾನಿನ ಮೆರುಗೆಣ್ಣೆ ಕೆಲಸವನ್ನು ಅನುಕರಿಸಿ ಮಾರ್ಟಿನ್ ಸಹೋದರರು ತಯಾರಿಸಿದ ವಾರ್ನಿಷ್. ಇನ್ನೊಂದು, ಚಿನ್ನ ಹೊದ್ದ ಕಂಚು. ಚಿನ್ನವನ್ನು ಪಾದರಸದಲ್ಲಿ ಕಲಸಿ, ಕಂಚಿಗೆ ಬಳಿದು, ಬೆಂಕಿಗೆ ಹಿಡಿಯುತ್ತಿದ್ದರು. ಪಾದರಸ ಆವಿಯಾಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. ಆ ಆವಿ ಸೇರುತ್ತಿದ್ದುದು ಕೆಲಸಗಾರನ ಎದೆಯನ್ನು. ಕೈ ನಡುಗಿ, ಹಲ್ಲು ಉದುರಿ, ಅನೇಕರು ಅಕಾಲದಲ್ಲಿ ಸತ್ತರು.

ಹಾಗಾದರೆ ಆ ಚೆಲುವನ್ನು ಮೆಚ್ಚುವುದೇ ತಪ್ಪೇ? ಕೂಲಿ ಕೊಟ್ಟಾಯಿತಲ್ಲ ಎನ್ನಬಹುದು. ಆದರೆ ಕೂಲಿ ದುಡಿಮೆಯ ಬೆಲೆ, ಉಸಿರಿನ ಬೆಲೆಯಲ್ಲ. ಮಾಡಿದವನ ಹೆಸರು ಉಳಿದರೆ ಸಾಕೇ? ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ಗುಡಿಯ ಮೂರ್ತಿಗಳ ಕೆಳಗೆ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರುಗಳಿವೆ. ಅದು ದೊಡ್ಡ ಗೌರವ. ಪ್ಯಾರಿಸ್ಸಿನ ಬಡಗಿಗಳ ಸಂಘವೂ ತಯಾರಕರು ತಮ್ಮ ಹೆಸರಿನ ಮುದ್ರೆ ಒತ್ತಬೇಕೆಂದು ನಿಯಮ ಮಾಡಿತ್ತು. ಆದರೆ ಮುದ್ರೆ ಬಿದ್ದದ್ದು ಯಜಮಾನ ಬಡಗಿಯ ಹೆಸರಿಗೆ, ಆವಿ ಕುಡಿದವನ ಹೆಸರಿಗಲ್ಲ.

ಹೆಸರಿಗಿಂತ ಮುಂದಿನ ಹೆಜ್ಜೆಯನ್ನು ಇಟ್ಟವನು ರಾವ್ರಿಯೋ. ಪ್ಯಾರಿಸ್ಸಿನಲ್ಲಿ ಕಂಚಿನ ಸಾಮಾನುಗಳನ್ನು ಮಾಡಿಸಿ ಮಾರುತ್ತಿದ್ದ ಆತ 1814ರಲ್ಲಿ ತೀರಿಕೊಂಡ. ಪಾದರಸದ ಆವಿಯಿಂದ ಕೆಲಸಗಾರರನ್ನು ಉಳಿಸುವ ದಾರಿ ಕಂಡುಹಿಡಿದವರಿಗೆ ಕೊಡಲೆಂದು 3000 ಫ್ರಾಂಕ್‌ಗಳನ್ನು ಉಯಿಲಿನಲ್ಲಿ ಬರೆದಿಟ್ಟಿದ್ದ. ಆವಿಯನ್ನು ಚಿಮಣಿಯ ಮೂಲಕ ಹೊರಗೆಳೆಯುವ ಒಲೆಯನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ಡಾರ್ಸೆಗೆ 1818ರಲ್ಲಿ ಆ ಬಹುಮಾನ ಸಂದಿತು. ತನ್ನ ಸಂಪತ್ತಿನಲ್ಲಿ ಇತರರ ಉಸಿರೂ ಸೇರಿದೆ ಎಂದು ಆ ವ್ಯಾಪಾರಿಗೆ ತಿಳಿದಿತ್ತು.

ಚೆಲುವಿಗೆ ಬೆನ್ನು ತಿರುಗಿಸುವುದು ಸುಲಭ. ಅದರಿಂದ ಯಾರ ಎದೆಯೂ ಹಗುರಾಗುವುದಿಲ್ಲ. ನಮ್ಮ ಊರುಗಳಲ್ಲಿ ಇಂದು ಪಾದರಸವಿಲ್ಲ, ಸ್ಪ್ರೇ ಇದೆ. ಗಾಳಿಯಾಡದ ಕೋಣೆಯಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಣ್ಣ ಹೊಡೆಯುವ ಹುಡುಗನಿದ್ದಾನೆ. ಸೋಫಾಕ್ಕೆ ಚೌಕಾಸಿ ಮಾಡುವಾಗ ನಾವು ಮರದ ಜಾತಿ ಕೇಳುತ್ತೇವೆ, ಬಟ್ಟೆಯ ಗುಣಮಟ್ಟ ಕೇಳುತ್ತೇವೆ. ಆ ಹುಡುಗನ ಮುಖಕ್ಕೆ ಒಳ್ಳೆಯ ಮಾಸ್ಕ್, ಕೋಣೆಗೊಂದು ಕಿಟಕಿ ಇದೆಯೇ ಎಂದೂ ಕೇಳೋಣ. ಅದಕ್ಕಾಗಿ ನಾಲ್ಕು ಕಾಸು ಹೆಚ್ಚಾದರೆ, ಅದು ಆ ಹೊಳಪಿನ ನಿಜವಾದ ಬೆಲೆ.